ಹನ್ನೊಂದು ಫ್ರೇಮು, ಎರಡು ಹೂಂ

ಗೋಡೆ ಇರುವುದು ಸೂರು ಹೊರುವುದಕ್ಕೆ. ಐವತ್ತೆರಡು ವರ್ಷ ನಾನು ಹಾಗೆಂದೇ ನಂಬಿಕೊಂಡಿದ್ದೆ. ಅದರ ಮೇಲೆ ಒಂದು ಕ್ಯಾಲೆಂಡರು, ಒಂದು ದೇವರ ಪಟ, ಒಂದು ಗಡಿಯಾರ ಇದ್ದರೆ ಸಾಕು; ಗಡಿಯಾರ ನಿಂತಿದ್ದರೂ ಅಡ್ಡಿಯಿಲ್ಲ. ಪಕ್ಕದ ಮನೆಯ ನಿರ್ಮಲಮ್ಮನವರು ತಮ್ಮ ಹಾಲಿನ ಗೋಡೆಗೆ ಮನೆಮಂದಿಯ ಫೋಟೋಗಳನ್ನೆಲ್ಲ ಸಾಲಾಗಿ ಹಾಕಿಸಿ, ಅದನ್ನು ನೋಡುವುದಕ್ಕೆಂದೇ ನನ್ನ ಹೆಂಡತಿಯನ್ನು ಕಾಫಿಗೆ ಕರೆಯುವವರೆಗೆ ನಮ್ಮ ಗೋಡೆಗೂ ನನಗೂ ಯಾವ ತಕರಾರೂ ಇರಲಿಲ್ಲ.

ನಾನು ಟೇಲರ್ ಪಾಲಣ್ಣ. ಹುಟ್ಟಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ, ಅಂಗಡಿ ಇಟ್ಟಿರುವುದು ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಊರಿನ ಅರ್ಧ ಗಂಡಸರ ಸೊಂಟದ ಅಳತೆ ನನಗೆ ಬಾಯಿಪಾಠ. ಯಾರ ಹೊಟ್ಟೆ ಯಾವ ವರ್ಷ ಎಷ್ಟು ಇಂಚು ಮುಂದೆ ಬಂತು ಅಂತ ಕೇಳಿ, ಹೇಳುತ್ತೇನೆ. ಕೆಲಸದಲ್ಲಿ ಚೂರು ಮರೆವು ಉಂಟು. ಒಮ್ಮೆ ಮದುಮಗನ ಕೋಟನ್ನು ಅವನ ಮಾವನಿಗೆ, ಮಾವನ ಕೋಟನ್ನು ಮದುಮಗನಿಗೆ ಕಟ್ಟಿ ಕಳಿಸಿದ್ದೆ. ಇಬ್ಬರೂ ಅದನ್ನೇ ತೊಟ್ಟು ಮದುವೆ ಮುಗಿಸಿದರು, ಸಂಸಾರ ಈಗಲೂ ಚೆನ್ನಾಗಿಯೇ ನಡೆಯುತ್ತಿದೆ.

ನನ್ನ ಹೆಂಡತಿಯ ಹೆಸರು ಅಂತರಘಟ್ಟಮ್ಮ. ಹೆಸರು ಉದ್ದ, ತಾಳ್ಮೆ ಗಿಡ್ಡ. ನಿರ್ಮಲಮ್ಮನವರ ಕಾಫಿ ಕುಡಿದು ಬಂದವಳೇ ಹಾಲಿನ ನಡುವೆ ನಿಂತು ನಮ್ಮ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು.

“ರೀ, ಭಾನುವಾರ ಸಾಸ್ವೆಹಳ್ಳಿಯೋರು ಹೆಣ್ಣು ನೋಡಾಕೆ ಬರ್ತಾರೆ. ನೆನಪೈತೋ ಇಲ್ಲೋ?”

ನೆನಪಿತ್ತು. ನಮ್ಮ ಮಗಳು ದುರ್ಗಾಂಬಿಕಾಗೆ ಕೂಡಿಬಂದ ಮೊದಲ ಒಳ್ಳೆಯ ಸಂಬಂಧ ಅದು. ಹುಡುಗ ಹೊನ್ನಾಳಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದ. ಮಗಳಿಗೂ ಹುಡುಗ ಒಪ್ಪಿಗೆ ಅಂತ ಅವಳು ಫೋನ್ ನೋಡಿಕೊಂಡು ನಗುವುದರಿಂದಲೇ ಗೊತ್ತಾಗಿತ್ತು.

“ಬರೋರು ಮೊದ್ಲು ನೋಡೋದು ಹುಡುಗೀನಲ್ಲ, ಗೋಡೇನ. ಬೋಳು ಗೋಡೆ ಕಂಡ್ರೆ ಇವ್ರಿಗೆ ಹಿಂದಿಲ್ಲ ಮುಂದಿಲ್ಲ ಅಂತಾರೆ. ನಮ್ಮಲ್ಲೇನು ಫೋಟೋ ಇಲ್ವಾ? ಟ್ರಂಕಿನಾಗೆ ಕೊಳೀತಾ ಬಿದ್ದಾವೆ.”

ಟ್ರಂಕು ತೆಗೆದೆವು. ಗುಂಪಿನ ಫೋಟೋಗಳೇ ಹನ್ನೊಂದು ಸಿಕ್ಕವು. ನನಗೆ ಏಳು ವರ್ಷವಾಗಿದ್ದಾಗ ಅಪ್ಪ ಜಗಳೂರಿನಲ್ಲಿ ತೆಗೆಸಿದ್ದು, ನನ್ನ ಮದುವೆಯದು, ಮಗಳ ನಾಮಕರಣದ್ದು, ಅಂಗಡಿ ಪೂಜೆಯದು, ಹೀಗೆ. ನಾನು ಮರುದಿನವೇ ದಾವಣಗೆರೆಗೆ ಹೋಗಿ ಹನ್ನೊಂದು ಫ್ರೇಮು ತಂದೆ. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ, ಚಿನ್ನದ ಅಂಚು. ಯೂನಿಫಾರಂ ಹೊಲಿದು ಹೊಲಿದು ನನಗೆ ಒಂದೇ ಥರ ಇದ್ದರೇ ಕಣ್ಣಿಗೆ ಹಿತ.

ಮನೆಗೆ ಬಂದು ನೋಡಿದರೆ ಫ್ರೇಮುಗಳು ಉದ್ದುದ್ದ, ಫೋಟೋಗಳು ಅಡ್ಡಡ್ಡ. ಓಣಿಯ ಕೊನೆಯಲ್ಲಿರುವ ಸ್ಟುಡಿಯೋದ ಕೊಟ್ರೇಶ್ ಹತ್ತಿರ ಒಯ್ದೆ.

“ಬಿಟ್ಟು ಹೋಗ್ರಿ ಪಾಲಣ್ಣಾರೆ. ಸ್ಕ್ಯಾನ್ ಮಾಡಿ, ಸೈಜಿಗೆ ತಂದು, ಹೊಸ ಪ್ರಿಂಟ್ ಹಾಕ್ಕೊಡ್ತೀನಿ. ಎರಡು ದಿನ ಆಗ್ತೈತೆ,” ಅಂದ.

“ಮೂವತ್ತು ವರ್ಷದಿಂದ ಕತ್ತರಿ ಹಿಡಿದೋನು ನಾನು,” ಅಂದೆ. “ಒಂದು ಫೋಟೋ ಸೈಜಿಗೆ ತರಾಕೆ ನಿನ್ನ ಹತ್ರ ಬರ್ಬೇಕೇನೋ?”

ಮನುಷ್ಯ ಜೀವಮಾನದಲ್ಲಿ ಸಾವಿರ ಮಾತು ಆಡುತ್ತಾನೆ. ವಾಪಸ್ ತಗೊಳ್ಳುವ ಹಾಗಿದ್ದರೆ ನಾನು ಮೊದಲು ತಗೊಳ್ಳುವುದು ಈ ಮಾತನ್ನು. ಎರಡನೆಯದು ಮಾತಲ್ಲ, ಒಂದು ಹೂಂ. ಅದು ಮುಂದೆ ಬರುತ್ತದೆ.

ಕಟಿಂಗ್ ಟೇಬಲ್ಲಿನ ಮೇಲೆ ಫೋಟೋಗಳನ್ನು ಹರಡಿದೆ. ಟೇಲರ್ ಆದವನು ಬಟ್ಟೆಯ ಸೀದಾ ಭಾಗದ ಮೇಲೆ ಚಾಕ್ ಹಾಕುವುದಿಲ್ಲ. ಮಗುಚಿ ಉಲ್ಟಾ ಭಾಗದ ಮೇಲೆ ಗೆರೆ ಎಳೆಯುತ್ತಾನೆ. ನಾನೂ ಹನ್ನೊಂದನ್ನೂ ಮಗುಚಿ ಹಾಕಿದೆ. ಎರಡೂ ಕಡೆ ಸಮ ತೆಗೆಯಬೇಕು, ಒಂದೇ ಕಡೆ ತೆಗೆದರೆ ಎಳೆಯುತ್ತದೆ ಅಂತ ನನ್ನ ಗುರುಗಳು ಹೇಳಿಕೊಟ್ಟಿದ್ದರು. ಅವರು ಹೇಳಿದ್ದು ಅಂಗಿಯ ವಿಷಯ. ನಾನು ಫೋಟೋಗೂ ಅನ್ವಯಿಸಿ, ಎರಡೂ ಅಂಚಿಗೆ ಟೇಪು ಹಿಡಿದು, ಗೆರೆ ಎಳೆದು, ಕಚಕ್ ಕಚಕ್ ಅಂತ ಇಪ್ಪತ್ತೆರಡು ಕತ್ತರಿ ಹಾಕಿದೆ. ಒಂದೂ ಸೊಟ್ಟ ಹೋಗಲಿಲ್ಲ. ಬಿದ್ದ ತುಂಡುಗಳನ್ನು ಟೇಬಲ್ಲಿನ ಮೇಲಿದ್ದ ಚಿಂದಿಯ ಜೊತೆ ಒಂದೇ ಕೈಯಲ್ಲಿ ಬಾಚಿ ಚಿಂದಿ ಚೀಲಕ್ಕೆ ತುಂಬಿದೆ. ಫ್ರೇಮಿಗೆ ಫೋಟೋ ಕೂರಿಸುವುದೂ ಹಿಂದುಗಡೆಯಿಂದಲೇ ತಾನೆ? ಹಾಗಾಗಿ ಗೋಡೆಗೆ ಏರಿಸುವ ತನಕ ನಾನು ಒಂದು ಫೋಟೋದ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಏರಿಸಿದ ಮೇಲೆ ನೋಡಿದೆ. ಗುಂಪಿನ ಫೋಟೋದಲ್ಲಿ ಯಾರೇ ಆಗಲಿ ಮೊದಲು ಹುಡುಕುವುದು ತನ್ನನ್ನೇ. ಹನ್ನೊಂದರಲ್ಲೂ ನಾನಿದ್ದೆ. ಎಲ್ಲ ಸರಿಯಾಗಿದೆ ಅಂದುಕೊಂಡೆ.

“ಅಯ್ಯೋ ನಮ್ಮಣ್ಣನ ಕಿವಿ!” ಅಂತ ಅಂತರಘಟ್ಟಮ್ಮ ಕೂಗಿಕೊಂಡಳು.

ನಮ್ಮ ಮದುವೆಯ ಫೋಟೋದಲ್ಲಿ ಅವಳ ಅಣ್ಣ ಪರಶುರಾಮ್ ಹೆಣ್ಣಿನ ಕಡೆಯ ಅಂಚಿನಲ್ಲಿ ನಿಂತಿದ್ದ. ಅವನ ಎಡಗಿವಿ ಫ್ರೇಮಿನ ಆಚೆ ಹೋಗಿತ್ತು. ಗೋಡೆಗೂ ಕಿವಿ ಇರುತ್ತದೆ ಅಂತಾರೆ, ನಮ್ಮ ಗೋಡೆಯಲ್ಲಿ ಒಂದು ಕಡಿಮೆ ಬಿತ್ತು. ಆ ಒಂದು ಕಿವಿಗೆ ಎರಡು ದಿನ ಮನೆಯಲ್ಲಿ ಒಲೆ ಉರಿಯಿತೇ ಹೊರತು ಮಾತು ಬೇಯಲಿಲ್ಲ. ಸುದ್ದಿ ಸವಳಂಗದಲ್ಲಿದ್ದ ಪರಶುರಾಮನಿಗೂ ಮುಟ್ಟಿ ಅವನು ಫೋನ್ ಮಾಡಿದ.

“ಭಾವ, ನನ್ನ ಮೇಲೆ ಸಿಟ್ಟಿದ್ರೆ ಮುಖಕ್ಕೆ ಹೇಳ್ರಿ. ಕಿವಿ ಯಾಕೆ ಕುಯ್ತೀರಿ?”

ನಿರ್ಮಲಮ್ಮನವರು ಬಂದು ನೋಡಿ, ಚೆನ್ನಾಗೈತೆ, ಆದ್ರೆ ಆ ಕಿವಿಯೊಂದು, ಅಂದರು. ಅವರ ಯಜಮಾನರು ಬಂದು ಕಿವಿ ನೋಡಿಕೊಂಡು ಹೋದರು. ಓಣಿಯ ನಾಲ್ಕು ಮನೆಯವರು ಬಂದು ಕಿವಿ ಇರಬೇಕಾದ ಜಾಗವನ್ನು ಬೆರಳಿಟ್ಟು ನೋಡಿದರು. ಇದನ್ನು ಯಾಕೆ ಇಷ್ಟು ಉದ್ದಕ್ಕೆ ಹೇಳುತ್ತಿದ್ದೇನೆಂದರೆ, ಈ ಮೂರು ದಿನದಲ್ಲಿ ಹನ್ನೊಂದು ಫೋಟೋದಿಂದ ಒಬ್ಬ ಹೆಂಗಸು ಪೂರ್ತಿಯಾಗಿ ಕಾಣೆಯಾಗಿದ್ದಳು. ಅದನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಈ ಗಲಾಟೆಯ ನಡುವೆ ಗುರುವಾರ ಬಂತು. ತಿಂಗಳಿಗೊಮ್ಮೆ ಗುರುವಾರ ನಾನು ಅಂಗಡಿಯ ಚಿಂದಿ ಚೀಲವನ್ನು ದಾವಣಗೆರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಅಲ್ಲಿಂದ ಜಗಳೂರು ಬಸ್ಸಿಗೆ ದಾಟಿಸಿ ಬಿಳಿಚೋಡಿಗೆ ಕಳಿಸುತ್ತೇನೆ. ಅಲ್ಲಿ ನನ್ನ ಅಕ್ಕ ಗಾದ್ರಮ್ಮ ಅದರಲ್ಲಿ ಕೌದಿ ಹೊಲಿಯುತ್ತಾಳೆ. ಅವಳ ಕೌದಿ ಹೊದ್ದು ಮಲಗದ ಮನೆ ಆ ಊರಲ್ಲಿಲ್ಲ. ಚೀಲ ಕೈಸೇರಿದ ಸಂಜೆಯೇ ಫೋನ್ ಮಾಡಿ, “ಚೀಲ ಬಂತು ಕಣೋ ಪಾಲ, ಈ ಸಲ ಚೆಕ್ಸು ಜಾಸ್ತಿ ಐತೆ,” ಅಂತ ವರದಿ ಒಪ್ಪಿಸುತ್ತಾಳೆ. ಈ ಸಲ ಫೋನ್ ಬರಲಿಲ್ಲ. ಕಿವಿಯ ಗದ್ದಲದಲ್ಲಿ ನನಗದು ಗಮನಕ್ಕೇ ಬರಲಿಲ್ಲ.

ಭಾನುವಾರ ಸಾಸ್ವೆಹಳ್ಳಿಯವರು ಬಂದರು. ಹುಡುಗ, ಅವನ ತಾಯಿ, ಅವನ ದೊಡ್ಡಪ್ಪ ಬೋರಣ್ಣ. ಬೋರಣ್ಣನವರದು ಆ ಮನೆಯಲ್ಲಿ ಕೊನೆಯ ಮಾತು ಅಂತ ಮೊದಲೇ ತಿಳಿದಿತ್ತು. ನಮ್ಮ ಕಡೆ ಹಿರಿಯನಾಗಿ ಬಿಳಿಚೋಡಿನಿಂದ ದೊಡ್ಡಪ್ಪನ ಮಗ ರಂಗಣ್ಣನನ್ನು ಕರೆಸಿದ್ದೆ. ಅಕ್ಕನನ್ನು ಕರೆದಿರಲಿಲ್ಲ. ಬರೀ ಹೆಣ್ಣು ನೋಡುವುದಕ್ಕೆ ಎರಡು ಬಸ್ಸು ಬದಲಿಸಿಕೊಂಡು ಅವಳು ಯಾಕೆ ಬರಬೇಕು, ಎಂಗೇಜ್‌ಮೆಂಟಿಗೆ ಬಂದರಾಯಿತು ಅಂತ ನನ್ನ ಲೆಕ್ಕ.

ಉಪ್ಪಿಟ್ಟು ಮುಗಿಯಿತು. ಹೆಂಡತಿ ಹೇಳಿದ್ದಂತೆಯೇ ಬೋರಣ್ಣನವರು ಗೋಡೆ ನೋಡಿದರು.

“ತುಂಬಿದ ಮನೆ. ಛಲೋ ಐತೆ. ತಾಯಿಯವರು ಯಾರು ಇದ್ರಾಗೆ?”

“ತಾಯಿ ಇವ್ನು ಆರು ವರ್ಷದೋನಿದ್ದಾಗಲೇ ಹೋದ್ಲು,” ಅಂತ ರಂಗಣ್ಣ ಉತ್ಸಾಹದಿಂದ ಎದ್ದ. “ಇವನ್ನ ಸಾಕಿದ್ದು ಇವ್ನ ಅಕ್ಕ. ಗಾದ್ರಮ್ಮ ಅಂತ. ಸೂಜಿಗೆ ದಾರ ಪೋಣಿಸೋದು ಕಲಿಸಿದ್ದೂ ಆಕೇನೇ. ಬರ್ರಿ ತೋರಿಸ್ತೀನಿ.”

ಅವನು ಮೊದಲ ಫ್ರೇಮಿನ ಹತ್ತಿರ ಹೋಗಿ ಬೆರಳಿಟ್ಟ. ಬೆರಳು ಸಾಲಿನಗುಂಟ ಸರಿದು ಅಂಚಿಗೆ ಹೋಗಿ ಕಟ್ಟಿಗೆಗೆ ತಾಗಿತು. “ಇದ್ರಾಗಿಲ್ಲ,” ಅಂದ. ಎರಡನೆಯದಕ್ಕೆ ಹೋದ. ಬೆರಳು ಮತ್ತೆ ಅಂಚಿಗೆ ಹೋಯಿತು, ಮತ್ತೆ ಕಟ್ಟಿಗೆ. ಮೂರು, ನಾಲ್ಕು, ಐದು. ರಂಗಣ್ಣನಿಗೆ ಆ ಫೋಟೋಗಳೆಲ್ಲ ಗೊತ್ತು, ಯಾವುದರಲ್ಲಿ ಅವಳು ಎಲ್ಲಿ ನಿಂತಿದ್ದಳು ಅಂತಲೂ ಗೊತ್ತು. ಏಳನೆಯದಕ್ಕೆ ಬರುವ ಹೊತ್ತಿಗೆ ಅವನ ಬೆರಳು ನೇರವಾಗಿ ಅಂಚಿಗೇ ಹೋಗುತ್ತಿತ್ತು. ಹನ್ನೊಂದು ಮುಗಿಸಿ ನನ್ನ ಕಡೆ ತಿರುಗಿ ನೋಡಿದ.

ಆಗ ನನಗೆ ಕಂಡಿತು. ಅಕ್ಕ ಯಾವತ್ತೂ ಅಂಚಿನಲ್ಲೇ. ಮದುವೆಯಾಗಿ ಎರಡನೇ ವರ್ಷಕ್ಕೆ ಭಾವ ತೀರಿಕೊಂಡು ಅವಳು ತವರಿಗೆ ಬಂದಾಗ ಹದಿನೆಂಟು ವರ್ಷ. ಅಲ್ಲಿಂದಾಚೆ ಯಾವ ಶುಭಕಾರ್ಯದಲ್ಲೂ ಅವಳಾಗಿ ಮುಂದೆ ಬಂದದ್ದಿಲ್ಲ. ಫೋಟೋದವನು ಎಲ್ಲರೂ ಬನ್ನಿ ಅಂದರೆ ಕೈ ಒರೆಸಿಕೊಳ್ಳುತ್ತಾ ಕೊನೆಗೆ ಬಂದು ಕೊನೆಗೆ ನಿಲ್ಲುವಳು. ನನ್ನ ಇಪ್ಪತ್ತೆರಡು ಕತ್ತರಿಯಲ್ಲಿ ಹನ್ನೊಂದು ಅವಳ ಮೇಲೆಯೇ ಬಿದ್ದಿದ್ದವು.

ಹಾಲಿನಲ್ಲಿ ಎಲ್ಲರೂ ಸುಮ್ಮನಾದರು. ಆ ಮೌನವನ್ನು ಮುರಿಯಬೇಕು ಅಂತಲೇ ಇರಬೇಕು, ಬೋರಣ್ಣನವರು ಗಂಟಲು ಸರಿ ಮಾಡಿಕೊಂಡರು.

“ಓಹೋ, ಗಂಡ ಇಲ್ದೋರು ಅಂತ ಕಾಣ್ತೈತೆ. ಶುಭಕಾರ್ಯದ ಮನೆ, ಎದುರಿನ ಗೋಡೆ, ಅದ್ಕೇ ತೆಗ್ದೀರಿ. ಪದ್ಧತಿ ತಿಳಿದ ಮಂದಿ ಬಿಡ್ರಿ. ಅಲ್ಲೇನ್ರಿ ಟೇಲರೇ?”

ಇಲ್ಲ ಅನ್ನಬೇಕಿತ್ತು. ನಾನು ಕುರುಡನ ಹಾಗೆ ಕತ್ತರಿಸಿದೆ, ಆಕೆ ನನ್ನ ತಾಯಿಗಿಂತ ಹೆಚ್ಚು ಅನ್ನಬೇಕಿತ್ತು. ಬಾಗಿಲ ಸಂದಿಯಿಂದ ದುರ್ಗಾಂಬಿಕಾಳ ಸೀರೆಯ ಅಂಚು ಕಾಣುತ್ತಿತ್ತು. ಬೋರಣ್ಣನವರ ಮುಖದಲ್ಲಿ ಮೆಚ್ಚುಗೆ ಇತ್ತು. ಇಲ್ಲ ಅಂದರೆ ಅವರ ಮಾತಿಗೆ ಎದುರಾಡಿದ ಹಾಗಾಗುತ್ತದೆ, ಸಂಬಂಧ ತಪ್ಪಿದರೆ?

“ಹೂಂ,” ಅಂದೆ.

ಸಂಬಂಧ ಕುದುರಿತು. ರಂಗಣ್ಣ ಕಾಫಿ ಅರ್ಧಕ್ಕೆ ಬಿಟ್ಟು, ಮೂರೂವರೆ ಬಸ್ಸಿಗೆ ಹೊರಟ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, “ಗೋಡೆ ಚೆನ್ನಾಗಾಗೈತೆ ಪಾಲ,” ಅಂದ. ಅಷ್ಟೇ.

ಅವನು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸೋಮವಾರ ಬಿಳಿಚೋಡಿನಲ್ಲಿ, ಪಾಲಣ್ಣ ಅಕ್ಕನನ್ನು ಫೋಟೋದಿಂದ ಕತ್ತರಿಸಿದ ಅಂತಾಯಿತು. ಮಂಗಳವಾರ ಜಗಳೂರಿನಲ್ಲಿ ಕತ್ತರಿಸಿ ಒಲೆಗೆ ಹಾಕಿದ ಅಂತಾಯಿತು. ಬುಧವಾರ ಅದು ಸುತ್ತಿ ಬಳಸಿ ಸವಳಂಗ ಮುಟ್ಟಿದಾಗ, ಅಕ್ಕ ತಮ್ಮಂದಿರ ನಡುವೆ ಹೊಲದ ತಕರಾರು ಎದ್ದು ಕೋರ್ಟಿಗೆ ಹೋಗಿದೆ ಅಂತಾಗಿತ್ತು. ನಮಗೆ ಹೊಲವೇ ಇಲ್ಲ. ಪರಶುರಾಮ್ ಮತ್ತೆ ಫೋನ್ ಮಾಡಿದ.

“ಮೊದ್ಲು ನನ್ನ ಕಿವಿ, ಈಗ ನಿಮ್ಮಕ್ಕ. ಮುಂದೆ ಯಾರು ಭಾವ? ಮೊದ್ಲೇ ಹೇಳಿದ್ರೆ ನಾವು ಹುಷಾರಾಗಿರ್ತೀವಿ.”

ಅಂಗಡಿಗೆ ಬಂದ ಗಿರಾಕಿಯೊಬ್ಬ ಶರ್ಟ್ ಪೀಸು ಕೊಟ್ಟು, “ಅಂಚು ನೋಡ್ಕಂಡು ಕತ್ತರಿಸ್ರಿ,” ಅಂದ. ಅವನು ಬೇಕೆಂದೇ ಅಂದನೋ ಸಹಜವಾಗಿ ಅಂದನೋ ಗೊತ್ತಿಲ್ಲ. ಆದರೆ ಪಕ್ಕದ ಬೆಂಚಿನಲ್ಲಿ ಪೇಪರ್ ಓದುತ್ತಿದ್ದ ಇಬ್ಬರು ಪೇಪರನ್ನು ಮುಖಕ್ಕೆ ಇನ್ನೂ ಹತ್ತಿರ ಹಿಡಿದರು.

ಗುರುವಾರ ಬೆಳಿಗ್ಗೆ ಮರುಳಸಿದ್ದಪ್ಪನವರು ಬಂದರು. ಹಾಲಿನ ಡೇರಿಯಲ್ಲಿ ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿದ್ದು ನಿವೃತ್ತರಾದ ಮೇಲೆ ಓಣಿಯಲ್ಲಿ ಯಾರ ಮನೆಯಲ್ಲಿ ಪಾತ್ರೆ ಬಿದ್ದರೂ ಪಂಚಾಯ್ತಿಗೆ ಬರುವುದು ಅವರ ಪದ್ಧತಿ. ಕರೆಯಬೇಕೆಂದಿಲ್ಲ. ಕುರ್ಚಿ ಹಾಕಿಸಿಕೊಂಡು, ಗೋಡೆಗೆ ಎದುರಾಗಿ ಕೂತು, ವಿಚಾರಣೆ ಶುರು ಮಾಡಿದರು.

“ಕತ್ತರಿ ತರ್ರಿ. ಹೆಂಗೆ ಕತ್ತರಿಸಿದ್ರಿ, ಮಾಡಿ ತೋರಿಸ್ರಿ.”

ನಾನು ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಚಾಕಿನಲ್ಲಿ ಗೆರೆ ಎಳೆದು ಕತ್ತರಿಸಿ ತೋರಿಸಿದೆ. ನವೆಂಬರ್ ತಿಂಗಳ ಭಾನುವಾರಗಳೆಲ್ಲ ಕೆಳಗೆ ಬಿದ್ದವು. ಮರುಳಸಿದ್ದಪ್ಪನವರು ಕುರ್ಚಿಯಿಂದಲೇ ಬಗ್ಗಿ ಅದನ್ನು ನೋಡಿದರು.

“ಅಂದ್ರೆ ಮುಖ ನೋಡ್ದಂಗೆ ಕತ್ತರಿಸಿದ್ರಿ.”

“ಹೌದ್ರಿ.”

“ಬೇಕಂತ ಅಲ್ಲ.”

“ದೇವ್ರಾಣೆ ಅಲ್ರಿ.”

“ಮತ್ತೆ ಸಾಸ್ವೆಹಳ್ಳಿಯೋರು ಕೇಳಿದ್ದಕ್ಕೆ ಹೂಂ ಅಂದ್ರಂತಲ್ಲ?”

ನಾನು ಕತ್ತರಿ ಕೆಳಗಿಟ್ಟೆ. ಡೇರಿಯಲ್ಲಿ ಹಾಲಿಗೆ ನೀರು ಬೆರೆಸಿದವರನ್ನು ಮರುಳಸಿದ್ದಪ್ಪನವರು ಎಷ್ಟೋ ಸಲ ಕ್ಷಮಿಸಿದ್ದರು, ಆದರೆ ಇದಕ್ಕೆ ಯಾವ ನಿಯಮ ಹಚ್ಚುವುದು ಅಂತ ಅವರಿಗೂ ತೋಚಲಿಲ್ಲ. ಕೊನೆಗೆ ಏಳುತ್ತಾ ಒಂದು ದಾರಿ ಹೇಳಿದರು.

“ಕತ್ತರಿಸಿದ ತುಂಡು ಇರ್ತಾವಲ್ಲ, ಅವನ್ನ ಅಂಟಿಸಿ, ದೊಡ್ಡ ಫ್ರೇಮಿಗೆ ಹಾಕಿ. ಆಮೇಲೆ ಅಕ್ಕಾರನ್ನ ಕರೀರಿ. ಎಲ್ಲಿ ತುಂಡು?”

ತುಂಡು ಚಿಂದಿ ಚೀಲದಲ್ಲಿದ್ದವು. ಚೀಲ ಬಿಳಿಚೋಡಿನಲ್ಲಿತ್ತು. ಫೋನ್ ಬಂದಿರಲಿಲ್ಲ ಅನ್ನುವುದು ನನಗೆ ಆಗ ನೆನಪಾಯಿತು. ನಾನು ನೆಲದ ಮೇಲೆ, ನವೆಂಬರ್ ಭಾನುವಾರಗಳ ಪಕ್ಕ ಕೂತುಬಿಟ್ಟೆ. ಅಂತರಘಟ್ಟಮ್ಮ ಅಡುಗೆಮನೆಯಿಂದ ಬಂದವಳು ಮೊದಲ ಸಲ ನನ್ನನ್ನು ಬೈಯಲಿಲ್ಲ.

“ನಮ್ಮಣ್ಣನ ಒಂದು ಕಿವಿ ಕಂಡ ನನ್ನ ಕಣ್ಣಿಗೆ ಅಕ್ಕ ಕಾಣ್ಲಿಲ್ವಲ್ರಿ,” ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅವತ್ತೇ ದಾವಣಗೆರೆ ಬಸ್ಸು ಹತ್ತಿದೆ, ಅಲ್ಲಿ ಇಳಿದು ಜಗಳೂರು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡೆ. ಅಕ್ಕ, ನಾನು ಉಲ್ಟಾ ಭಾಗದಲ್ಲಿ ಗೆರೆ ಹಾಕಿದೆ, ಮುಖ ನೋಡಲಿಲ್ಲ. ಅಕ್ಕ, ಬೋರಣ್ಣ ಕೇಳಿದಾಗ ಹೆದರಿ ಹೂಂ ಅಂದೆ. ಎರಡೇ ಮಾತು. ಬಿಳಿಚೋಡಿನಲ್ಲಿ ಇಳಿದಾಗ ಎರಡೂ ನಾಲಿಗೆಯ ತುದಿಯಲ್ಲಿದ್ದವು.

ಅಕ್ಕ ಕಟ್ಟೆಯ ಮೇಲೆ ಕೌದಿ ಹರಡಿಕೊಂಡು ಕೂತಿದ್ದಳು. ಅರವತ್ತನಾಲ್ಕು ವರ್ಷ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದೆ. ನನ್ನನ್ನು ಕಂಡು ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದಳು.

“ಬಾರೋ. ಹೇಳಿ ಕಳಿಸಿದ್ರೆ ಮುದ್ದೆಗೆ ಇಡ್ತಿದ್ದೆ. ಒಳಗೆ ಬಾ, ಒಂದು ತೋರಿಸ್ತೀನಿ.”

ಒಳಗೆ ಹೋದೆ. ಎದುರಿನ ಗೋಡೆಗೆ ಹಳೇ ಕ್ಯಾಲೆಂಡರಿನ ರಟ್ಟು ನೇತು ಹಾಕಿದ್ದಳು. ಅದರ ಮೇಲೆ ಮೈದಾ ಅಂಟಿನಲ್ಲಿ ಹನ್ನೊಂದು ತುಂಡುಗಳನ್ನು ವಯಸ್ಸಿನ ಪ್ರಕಾರ ಸಾಲಾಗಿ ಅಂಟಿಸಿದ್ದಳು. ಹತ್ತೊಂಬತ್ತರ ಅಕ್ಕ, ಮೂವತ್ತರ ಅಕ್ಕ, ಕೂದಲು ನರೆತ ಅಕ್ಕ. ಪ್ರತಿಯೊಂದರಲ್ಲೂ ಪಕ್ಕದಲ್ಲಿ ಯಾರದೋ ಮೊಣಕೈ, ಯಾರದೋ ಅರ್ಧ ಭುಜ. ಹನ್ನೊಂದು ಅಕ್ಕಂದಿರು ಕೈಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು. ಬಾಯಿಪಾಠ ಮಾಡಿದ್ದು ಎರಡೂ ಮರೆತುಹೋಯಿತು.

“ಚೀಲ ಸುರುವಿದಾಗ ಬಟ್ಟೆ ನಡುವೆ ನಾನೇ ಉದುರಿದೆ ನೋಡು,” ಅಂದಳು ಅಕ್ಕ. “ಮೊದ್ಲು ಗಾಬ್ರಿ ಆತು. ಆಮೇಲೆ ನೆನಪಾತು. ಹೋದ ಯುಗಾದಿಗೆ ನಿನ್ನ ಕೇಳಿದ್ನಲ್ಲ, ನಂದು ಅಂತ ಒಬ್ಬಳದೇ ಫೋಟೋ ಒಂದೂ ಇಲ್ಲ ಕಣೋ ಪಾಲ, ಒಂದು ಮಾಡ್ಸಿ ಕೊಡು ಅಂತ. ಅದ್ಕೇ ನನ್ನಷ್ಟೇ ಬಿಡಿಸಿ ಕಳಿಸೀಯ. ಅಲ್ಲೇನೋ?”

ಕೇಳಿದ್ದಳು. ಮಾಡಿಸೋಣ ಬಿಡು ಅಂದಿದ್ದೆ. ಆ ಸಂಜೆಯೇ ಮರೆತಿದ್ದೆ. ಈಗ ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು, ಸಣ್ಣವನಿದ್ದಾಗ ಸುಳ್ಳು ಹೇಳಲು ನಿಂತರೆ ನೋಡುತ್ತಿದ್ದ ಹಾಗೆಯೇ. ಇಷ್ಟು ಸಂತೋಷವಾಗಿರುವವಳಿಗೆ ನಿಜ ಹೇಳಿ ನೋಯಿಸುವುದು ಯಾಕೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅವಳ ಮೇಲಿನ ಕರುಣೆ ಅಲ್ಲ, ನನ್ನ ಹೇಡಿತನ. ಈಗ ಗೊತ್ತಾಗುತ್ತದೆ.

“ಹೂಂ ಅಕ್ಕ,” ಅಂದೆ.

ಅವಳು ತಲೆಯಾಡಿಸಿ ರಟ್ಟಿನ ಕಡೆ ತಿರುಗಿದಳು. ಮೊದಲನೇ ತುಂಡಿನ ಮೇಲೆ ಬೆರಳಿಟ್ಟಳು. ಅದು ಅಪ್ಪ ಜಗಳೂರಿನಲ್ಲಿ ತೆಗೆಸಿದ್ದ ಕಪ್ಪು ಬಿಳುಪು ಫೋಟೋದ ತುಂಡು. ಹತ್ತೊಂಬತ್ತರ ಅಕ್ಕನ ಸೆರಗನ್ನು ಒಂದು ಪುಟ್ಟ ಕೈ ಬಿಗಿಯಾಗಿ ಹಿಡಿದಿತ್ತು. ಮಣಿಕಟ್ಟಿನ ಹತ್ತಿರ ಕತ್ತರಿ ನೇರವಾಗಿ ಹೋಗಿತ್ತು.

“ಈ ಕೈ ಯಾರದು ಗೊತ್ತಾತೇನೋ?”

“ಅಕ್ಕ, ಅದೊಂದು ಕೊಡು. ಅಂಟಿಸಿ ತರ್ತೀನಿ.”

“ಬ್ಯಾಡ ಬಿಡು. ನಿಂಗೆ ಅಲ್ಲಿ ಪೂರ್ತಿ ಫೋಟೋ ಐತೆ. ನಂಗೆ ಈ ಕೈಯೊಂದಿರ್ಲಿ.”

ಎಂಗೇಜ್‌ಮೆಂಟಿಗೆ ಬರ್ತೀಯಾ ಅಂತ ಕೇಳಲು ನನಗೆ ಬಾಯೇ ಬರಲಿಲ್ಲ. ಯಾವ ದಿನ ಅಂತ ಅವಳೇ ಕೇಳಿದಳು. ಸೋದರತ್ತೆ ಇಲ್ದೆ ಹುಡುಗಿಗೆ ಬಳೆ ತೊಡಿಸೋರು ಯಾರೋ, ಬರ್ದೆ ಇರ್ತೀನಾ, ಅಂದಳು. ಬರುವಾಗ ಬುತ್ತಿಗೆ ಎರಡು ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟಳು. ನಾನು ಬಸ್ಸಿನಲ್ಲಿ ಗೆದ್ದವನ ಹಾಗೆ ರೊಟ್ಟಿ ತಿಂದೆ. ಅಕ್ಕನಿಗೆ ಏನೂ ಗೊತ್ತಿಲ್ಲ, ನೋವಾಗಿಲ್ಲ, ಬರುತ್ತಾಳೆ. ಬಿಳಿಚೋಡು ಸೋಮವಾರದಿಂದ ಅದನ್ನೇ ಆಡಿಕೊಳ್ಳುತ್ತಿದೆ, ರಂಗಣ್ಣನ ಮನೆ ಅವಳ ಮನೆಯಿಂದ ಮೂರನೆಯದು ಅನ್ನುವುದು ಆ ಹೊತ್ತಿಗೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ಹದಿನೈದು ದಿನಕ್ಕೆ ಎಂಗೇಜ್‌ಮೆಂಟು. ಮನೆಯ ಮುಂದೆ ಶಾಮಿಯಾನ ಹಾಕಿಸಿದ್ದೆ. ಅಕ್ಕ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಳು, ಕಂಕುಳಲ್ಲಿ ಮಗಳಿಗೆಂದು ಹೊಲಿದ ಕೌದಿ. ಹಾಲಿಗೆ ಬಂದವಳು ಗೋಡೆಯ ಮುಂದೆ ನಿಂತು ಹನ್ನೊಂದು ಫ್ರೇಮನ್ನೂ ಒಂದೊಂದಾಗಿ ನೋಡಿದಳು. ಮದುವೆಯ ಫೋಟೋದ ಮುಂದೆ, “ಪಾಪ, ಪರಶುರಾಮನ ಕಿವಿ,” ಅಂದು ಅಡುಗೆಮನೆಗೆ ಹೋದಳು.

ನನ್ನ ಭಯವೆಲ್ಲ ಬೋರಣ್ಣನವರದು. ಅಕ್ಕನನ್ನು ಕಂಡು ಏನನ್ನುತ್ತಾರೋ ಅಂತ ನಾನು ಶಾಮಿಯಾನದ ಕಂಬ ಹಿಡಿದುಕೊಂಡಿದ್ದೆ. ಅವರು ಬಂದವರೇ ಅಕ್ಕನಿಗೆ ಕೈಮುಗಿದರು. ಬಳೆಯ ತಟ್ಟೆ ಬಂದಾಗ ಅಕ್ಕ ಹಿಂದೆ ಸರಿದಳು. ದುರ್ಗಾಂಬಿಕಾ, “ನಮ್ಮತ್ತೆ ತೊಡಿಸ್ದೆ ಇದ್ರೆ ನಂಗೆ ಬಳೆನೇ ಬ್ಯಾಡ,” ಅಂತ ಕೈ ಮಡಚಿಕೊಂಡಳು. ಬೋರಣ್ಣನವರು ಗಟ್ಟಿಯಾಗಿ, “ಸೋದರತ್ತೇನೇ ತೊಡಿಸ್ಬೇಕು, ಮತ್ಯಾರು? ಬರ್ರಿ ಅಕ್ಕಾರೆ,” ಅಂದರು. ಬಳೆ ಏರಿದವು. ಆಕಾಶ ಕಳಚಿ ಬೀಳಲಿಲ್ಲ.

ಊಟದ ಹೊತ್ತಿಗೆ ಬೋರಣ್ಣನವರು ನನ್ನ ಪಕ್ಕ ಕೂತು ದನಿ ತಗ್ಗಿಸಿದರು.

“ಟೇಲರೇ, ಅವತ್ತು ಎಲ್ರೂ ಸುಮ್ನಾದ್ರಲ್ಲ, ಮುಜುಗರ ತಪ್ಲಿ ಅಂತ ಏನೋ ಬಾಯಿಗೆ ಬಂದಿದ್ದು ಅಂದೆ. ನಮ್ಮವ್ವನೂ ಇಪ್ಪತ್ತೆರಡಕ್ಕೇ ಗಂಡನ್ನ ಕಳ್ಕಂಡೋಳು. ಆಕೇದೇ ಫೋಟೋ ನಮ್ಮನೆ ಎದುರು ಗೋಡೇಲೈತೆ. ನೀವು ಛೇ ಹಂಗಲ್ರಿ ಅಂತೀರಿ ಅಂದ್ಕಂಡಿದ್ದೆ. ಹೂಂ ಅಂದ್ಬಿಟ್ರಿ. ಇವ್ರ ಪದ್ಧತಿ ಇರ್ಬೇಕು ಅಂತ ನಾನೂ ಸುಮ್ನಾದೆ.”

ಎಲೆಯಲ್ಲಿ ಹೋಳಿಗೆ ಇತ್ತು. ಅದರ ಮೇಲೆಯೇ ಎಲೆ ಮಡಚಿದೆ. ಮಾತು ಆಡಿದರೆ ಹೋಯಿತು ಅಂತ ಗಾದೆ. ಆಡದೆ ಇದ್ದರೂ ಹೋಗುತ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ.

ಊಟವಾದ ಮೇಲೆ ಕೊಟ್ರೇಶ್ ಕ್ಯಾಮೆರಾ ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಅಕ್ಕ ಕೈ ಒರೆಸಿಕೊಳ್ಳುತ್ತಾ ಕೊನೆಗೆ ಬಂದು ಅಂಚಿನಲ್ಲಿ ನಿಂತಳು.

“ಅಮ್ಮಾರೆ, ಸ್ವಲ್ಪ ಒಳಗೆ ಬರ್ರಿ,” ಅಂತ ಅವನು ಕೂಗಿದ.

ನಾನು ಸಾಲು ಬಿಟ್ಟು ಹೋಗಿ ಅಕ್ಕನ ಕೈ ಹಿಡಿದೆ. “ನಡುವೆ ಬಾ ಅಕ್ಕ. ದಮ್ಮಯ್ಯ ಅಂತೀನಿ.”

ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು. ಬಿಡಿಸಿ, ಅಂಗಿಯ ಮೇಲೆ ಬಿದ್ದಿದ್ದ ಅಕ್ಷತೆ ಕಾಳೊಂದನ್ನು ತೆಗೆದು, ನಗುತ್ತಲೇ ಹೇಳಿದಳು. ನನಗೊಬ್ಬನಿಗೇ ಕೇಳುವಷ್ಟು ದನಿಯಲ್ಲಿ.

“ಇಲ್ಲೇ ಇರ್ತೀನಿ ಬಿಡೋ ಪಾಲ. ಅಂಚಿನಾಗಿದ್ರೆ ನಾಳೆ ನಿಂಗೆ ಕತ್ತರಿಸಾಕೆ ಸಲೀಸು.”

ಕೊಟ್ರೇಶ್ “ರೆಡಿ” ಅಂದ. ಫ್ಲಾಷ್ ಹೊಳೆಯಿತು.

ಆ ಫೋಟೋ ಈಗ ನಮ್ಮ ಗೋಡೆಯ ಮೇಲಿದೆ. ಸೈಜಿಗೆ ತರ್ಲಾ ಅಂತ ಕೊಟ್ರೇಶ್ ಕೇಳಿದ್ದಕ್ಕೆ, ಫೋಟೋ ಎಷ್ಟಿದೆಯೋ ಅಷ್ಟಕ್ಕೇ ಫ್ರೇಮು ಮಾಡಪ್ಪ ಅಂದೆ. ಎಲ್ಲರೂ ನಗುತ್ತಾ ಮುಂದೆ ನೋಡುತ್ತಿದ್ದಾರೆ, ಅಕ್ಕನೂ. ನಾನೊಬ್ಬನೇ ಅಂಚಿನ ಕಡೆ ತಿರುಗಿ ಬಾಯಿ ತೆರೆದುಕೊಂಡು ನಿಂತಿದ್ದೇನೆ. ನಿರ್ಮಲಮ್ಮನವರು ನೋಡಿ, ಇಷ್ಟು ಚೆಂದದ ಫೋಟೋನ ನೀವೊಬ್ರೇ ಕೆಡಿಸಿದ್ರಲ್ಲ ಅಂದರು. ಇಲ್ಲ ಅನ್ನಲಿಲ್ಲ.

ಅದರ ಕೆಳಗೆ ಜಗಳೂರಿನ ಹಳೇ ಫೋಟೋ ಹಾಗೇ ಇದೆ. ಅಪ್ಪ ಕುರ್ಚಿಯಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಏಳು ವರ್ಷದ ಹುಡುಗ ಅಂಚಿನ ಕಡೆ ತೋಳು ಚಾಚಿ ನಿಂತಿದ್ದಾನೆ. ಅವನ ಕೈ ಬಿಳಿಚೋಡಿನಲ್ಲಿದೆ.